ಅರ್ಧ ನಿಮಿಷದ ಲೆಕ್ಕ

ಔಲುವಿನಲ್ಲಿ ಈ ತಿಂಗಳು ಹಗಲೆಂದರೆ
ಹತ್ತೂವರೆಗೆ ಬಂದು ಎರಡಕ್ಕೆ ಹೊರಡುವ ನೆಂಟ.
ಅವನು ಬರುವ ಮೊದಲೇ ಬೂಟಿನ ಹಿಮ ಕೊಡವಿ
ಸೂಕ್ಷ್ಮದರ್ಶಕದ ಮುಂದೆ ಕೂತಿರುತ್ತೇನೆ,
ಎಡಗೈಯಲ್ಲಿ ಎಣಿಕೆಯ ಯಂತ್ರ.
ಹೈಲುಒತೊ ದ್ವೀಪದ ದೋಣಿ ಹತ್ತುವವರ ತಲೆಯನ್ನು
ಅಪ್ಪ ಟಿಕ್ಕೆಂದು ಎಣಿಸುತ್ತಿದ್ದದ್ದು ಇದರಲ್ಲೇ.

ಒಂದು ಹನಿ ನೀರು. ಅದರಲ್ಲೊಂದು ಹುಳ,
ಮಿಲಿಮೀಟರಿನಷ್ಟುದ್ದ, ಗಾಜಿನಂಥ ಮೈ.
ತಿಂದದ್ದು, ಹೊತ್ತ ಮೊಟ್ಟೆ, ಎಲ್ಲ ಕಾಣುತ್ತದೆ;
ಗುಟ್ಟೆಂಬುದೇ ಗೊತ್ತಿಲ್ಲದ ಜೀವ.
ಸಾದಾ ಹುಳವಾದರೆ ಅರ್ಧ ನಿಮಿಷಕ್ಕೆ ಐವತ್ತು ಸಲ
ಬಿಲ್ಲಿನ ಹಾಗೆ ಬಾಗಿ ಬಡಿಯುತ್ತದೆ.
ಇದು ಹನ್ನೊಂದು.
ಇದರ ಮೈಯಲ್ಲಿ ಬೇಕೆಂದೇ ಒಂದಕ್ಷರ ತಪ್ಪು ಬರೆದಿದ್ದೇವೆ,
ಆರ್ಮಸ್‌ನಲ್ಲಿ ಹುಟ್ಟುವಾಗಲೇ ತಪ್ಪಿದ ಅದೇ ಅಕ್ಷರ.

ಆರ್ಮಸ್‌ಗೆ ಒಂಬತ್ತು ವರ್ಷ. ಇಂಥವರು ಲೋಕದಲ್ಲಿ
ಗೊತ್ತಿರುವ ಮಟ್ಟಿಗೆ ಮೂವತ್ತೊಂದು ಮಂದಿ.
ಔಷಧಿ ಮಾಡುವ ದೊಡ್ಡವರು ಮರ್ಯಾದೆಯಿಂದಲೇ ಬರೆದಿದ್ದರು:
ಲೆಕ್ಕಕ್ಕೆ ಸಾಲದು.
ಆ ಕಾಗದವನ್ನು ಅವನಮ್ಮ ಸೈಮಿ ನಾಲ್ಕಾಗಿ ಮಡಚಿ
ಕುಂಟುವ ಮೇಜಿನ ಕಾಲಡಿ ಇಟ್ಟಿದ್ದಾಳೆ.
ನನಗಾದರೋ ಎಣಿಸುವುದೇ ಉದ್ಯೋಗ.

ನೋವಾಗದಂತೆ ಹುಳವನ್ನೆತ್ತಲು ಬೇಕು
ಕಡ್ಡಿಯ ತುದಿಗೆ ಅಂಟಿಸಿದ ಒಂದು ರೆಪ್ಪೆಗೂದಲು.
ನನ್ನದು ನರೆತು ಗಡುಸಾಗಿದೆ, ಅಂದೆ, ಅವರು ನೋಡಲು ಬಂದ ದಿನ.
ಗಾಲಿಕುರ್ಚಿಯಲ್ಲೇ ಅವನು ತನ್ನದೊಂದನ್ನು ಕಿತ್ತುಕೊಟ್ಟ,
ಮೂರು ಸಲ ಕೈ ಗುರಿ ತಪ್ಪಿ, ನಾಲ್ಕನೆಯದಕ್ಕೆ.
ಆಮೇಲೆ ಕಣ್ಣಿಟ್ಟು ನೋಡಿ ಕೇಳಿದ:
"ಇದರಲ್ಲಿ ನಾನು ಯಾವುದು?"
ಯಾವುದೂ ಅಲ್ಲ, ಅಂದೆ.
"ಹಾಗಾದರೆ ಇವಕ್ಕೆ ಯಾಕೆ ನನ್ನ ಕಾಯಿಲೆ?"
ಕಾಫಿ ಬೇಕೇ ಎಂದು ಸೈಮಿಯನ್ನು ಕೇಳಿದೆ.

ಎರಡು ಸಾವಿರ ಮದ್ದು, ಎಲ್ಲ ಹಳೆಯವು,
ಯಾರ್ಯಾರದೋ ಕೆಮ್ಮು, ಕಜ್ಜಿ, ನಿದ್ದೆಗೇಡಿಗೆ ಅರೆದು ಮರೆತವು.
ಕುಳಿಗೊಂದು ಹನಿ, ಹನಿಗೊಂದು ಹುಳ.
ಹತ್ತು. ಹನ್ನೆರಡು. ಒಂಬತ್ತು. ಸತ್ತಿದೆ. ಹನ್ನೊಂದು.
ಸೆಪ್ಟೆಂಬರ್ ಹೋಯಿತು. ಹೊಳೆ ಹೆಪ್ಪುಗಟ್ಟಿತು.
ನಿನ್ನೆ, ಏಳನೇ ಸಾಲಿನಲ್ಲಿ, ಬೆರಳು ನಿಲ್ಲಲಿಲ್ಲ:
ಇಪ್ಪತ್ತೊಂಬತ್ತು.
ಯಂತ್ರ ಕೆಟ್ಟಿತೇನೋ ಎಂದು ಅಲ್ಲಾಡಿಸಿದೆ. ಇನ್ನೊಂದು ಹುಳ: ಮೂವತ್ತು.
ಎಂದೋ ಹಡಗಿನವರ ಓಕರಿಕೆಗೆ ಕೊಡುತ್ತಿದ್ದ ಮದ್ದಂತೆ.

ಇಂದು ಮತ್ತೆ ಮಾಡಿದೆ: ಇಪ್ಪತ್ತೇಳು.
ಮತ್ತೆ: ಹದಿನಾಲ್ಕು.
ಪ್ರೊಫೆಸರ್ ತೂರ್ಸ್ಟಿಗೆ ಹೇಳಿದರೆ "ಹೂಂ" ಅನ್ನುತ್ತಾರೆ.
ಮೀನು, ಆಮೇಲೆ ಇಲಿ, ಆಮೇಲೆ ವರ್ಷಗಳು.
ಹುಳ ಹುಳವೇ, ಹುಡುಗ ಹುಡುಗನೇ. ಗೊತ್ತು.
ಆದರೂ ತಲೆಯೊಳಗೆ ಹುಳ ಬಿಟ್ಟುಕೊಂಡಾಯಿತಲ್ಲ,
ಇಡೀ ರಾತ್ರಿ ಅದು ಬಡಿದುಕೊಂಡದ್ದನ್ನು
ಯಾವ ಯಂತ್ರದಲ್ಲಿ ಎಣಿಸಲಿ?

ಸೈಮಿಗೆ ಫೋನು ಮಾಡಿಲ್ಲ. ಮಾಡುವಂತಿಲ್ಲ.
ಎರಡಾಯಿತು; ನೆಂಟ ಎದ್ದು ಹೊರಟ.
ದೀಪ ಹಾಕಿ, ಆ ರೆಪ್ಪೆಗೂದಲಿನಲ್ಲಿ
ಇನ್ನೊಂದನ್ನೆತ್ತಿ ಹನಿಗಿಳಿಸುತ್ತೇನೆ.
ಈಜು, ಮಾರಾಯ.
ಒಂದು.