ನೇರಳೆಯ ಬಾಕಿ

ಗಿಣಿಗೇರಾದ ಕಾರ್ಖಾನೆಯಲ್ಲಿ ರಾಜಾಸಾಬರು
ಮೂವತ್ತೊಂದು ವರ್ಷ
ಕಬ್ಬಿಣದ ಮುಖ ನೋಡಿ ಹೊತ್ತು ಹೇಳಿದವರು.
"ಈಗ ಹುಣಸಿಹಣ್ಣು. ತಡೀರಿ.
ಈಗ ಪಪ್ಪಾಯಿ. ನಿಂಬಿಹಣ್ಣಾತು ನೋಡ್ರಿ,
ಬಿಡ್ರಿ ಬಾಗಿಲಾ!"
ಅಳತೆಯ ಗನ್ನು ಬಂದದ್ದು ಆಮೇಲೆ.
ಅದು ಸಾವಿರದೈನೂರ ಹದಿನಾಲ್ಕು ಅನ್ನುವ ಮೊದಲೇ
ಇವರು ತಂಬಾಕು ಉಗುಳಿ ಎದ್ದಿರುತ್ತಿದ್ದರು.

ಅವರ ಮೊಮ್ಮಗಳು ಖಾಜಾಬನಿ
ನನ್ನ ಕ್ಲಾಸಿನ ಎರಡನೇ ಬೆಂಚು.
ಬೋರ್ಡಿನ ಮೇಲೆ ಹಳೆಯ ಲೆಕ್ಕ ಬರೆದೆ:
ಅದರ ಪ್ರಕಾರ ಕಾದ ಯಾವ ಗೂಡೂ
ನೇರಳೆ, ನೇರಳೆಯಾಚೆ, ಅದರಾಚೆ
ಕೊನೆಯಿಲ್ಲದೆ ಬೆಳಕು ಸುರಿಯಬೇಕು;
ರೊಟ್ಟಿ ಬಡಿಯುವ ಹೆಂಗಸರೆಲ್ಲ
ಒಂದೇ ಮುಂಜಾನೆಗೆ ಕುರುಡಾಗಬೇಕು.
"ನಮ್ಮವ್ವ ಆಗಿಲ್ರೀ ಮೇಡಂ."
ಬರ್ಲಿನ್ನಿನವರ ತಲೆನೋವೂ ಅಷ್ಟೇ ಆಗಿತ್ತು.

ದೀಪಕ್ಕೆ ತಗಲುವ ಖರ್ಚು ತಿಳಿಯಲು
ಕತ್ತಲ ಗೂಡು ಕಾಯಿಸಿ ಅಳೆಯುತ್ತಿದ್ದರಂತೆ ಅಲ್ಲಿ.
ಅವರ ಅಂಕಿ ಮುಂದಿಟ್ಟುಕೊಂಡು ಒಬ್ಬ ಮೇಷ್ಟ್ರು
ಬೇರೆ ದಾರಿ ಕಾಣದೆ
ಸುರಿಯುತ್ತಿದ್ದುದನ್ನು ಅಳೆದು ಕೊಟ್ಟ:
ಕೆಂಪಿಗೆ ಗಿದ್ನ, ಹಳದಿಗೆ ಸೊಲಿಗಿ,
ನೇರಳೆಗೆ ದೊಡ್ಡ ಸೇರು.
ತುಂಬಿದರೆ ಉಂಟು, ತುಂಬದಿದ್ದರೆ ಇಲ್ಲ,
ಅರೆಪಾಲಿನ ಮಾತೇ ಇಲ್ಲ.
ಗೂಡಿನ ಕೈಯಲ್ಲಿ ಅಷ್ಟು ಇಡಿಗಂಟು ಎಲ್ಲಿಂದ ಬಂದೀತು?
ನೇರಳೆ ಬಾಕಿಯಲ್ಲೇ ಉಳಿಯಿತು.
ಲೆಕ್ಕ ಕೂಡಿಬಂತು,
ಅವನ ಮನಸ್ಸಿಗೆ ಕೂಡಿಬರಲಿಲ್ಲ.
ಆ ಸೇರನ್ನು ಮತ್ತೆ ನೀರಾಗಿಸಲು
ವರ್ಷಗಟ್ಟಲೆ ಒದ್ದಾಡಿದ.

ಕಾಳಾದರೆ ಕಾಳೇ ಇರಲಿ. ಆದರೆ ಮಧ್ಯಾಹ್ನ
ಕಿಟಕಿಗೆ ಗೋಣಿತಟ್ಟು ಬಿಗಿದು,
ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಲೇಸರ್ ಕಡ್ಡಿ,
ಮಸಿ ಹಿಡಿಸಿದ ಗಾಜಿಗೆ ಬ್ಲೇಡಿನ ಎರಡು ಗೀರು.
ಗೋಡೆಯ ಮೇಲೆ ಜಮಖಾನ ಹಾಸಿದ ಹಾಗೆ
ಕೆಂಪು ಪಟ್ಟೆ, ಕತ್ತಲ ಪಟ್ಟೆ, ಮತ್ತೆ ಕೆಂಪು.
ಒಂದು ಗೀರು ಮುಚ್ಚಿದರೆ
ಕತ್ತಲಿದ್ದ ಜಾಗಕ್ಕೆ ಬೆಳಕು ಬಂತು!
ಯಮನೂರಪ್ಪ ಮುಚ್ಚಿ ತೆಗೆದ, ಮುಚ್ಚಿ ತೆಗೆದ:
"ಬೆಳಕಿಗಿ ಬೆಳಕು ಕೂಡಿದ್ರ ಕತ್ತಲಿ ಹೆಂಗಾಕ್ಕೈತ್ರೀ?"
ಖಾಜಾಬನಿಯದು ಬೇರೆ:
"ಒಂದ ಒಂದು ಕಾಳು ಬಿಟ್ರ
ಯಾವ ಸಂದ್ಯಾಗ ಹಾಯ್ದು ಹೋಗ್ತೈತ್ರೀ ಅದು?"
ಗಂಟೆ ಹೊಡೆಯಿತು, ಪುಣ್ಯ.
ಹೊಡೆಯದಿದ್ದರೂ ನನ್ನಲ್ಲಿ ಉತ್ತರವಿರಲಿಲ್ಲ.
ನೋಡಲು ಹೋದರೆ ಒಂದರಲ್ಲಿ ಸಿಗುತ್ತದೆ,
ಜಮಖಾನ ಮಾತ್ರ ಸುತ್ತಿಟ್ಟಿರುತ್ತದೆ.

ರಂಜಾನಿಗೆ ಮುಂಚೆ ರಾಜಾಸಾಬರ ಪೊರೆ ತೆಗೆಸಿದರು.
ಬೆಂಕಿಗೆ ಒಡ್ಡಿದ ಕಣ್ಣಲ್ಲಿ
ಮೆಲ್ಲಗೆ ಹಳದಿಗಟ್ಟಿ ಕೂತದ್ದು.
ಪಟ್ಟಿ ಬಿಚ್ಚುವಾಗ ಕೊಪ್ಪಳದ ಆಸ್ಪತ್ರೆಯಲ್ಲಿ
ಬಾಳೆಹಣ್ಣಿನ ಚೀಲ ಹಿಡಿದು ನಾನೂ ನಿಂತಿದ್ದೆ.
ಗೋಡೆ ನೋಡಿದರು. ಹಾಸಿಗೆ ನೋಡಿದರು.
ನರ್ಸಮ್ಮನ ಬಿಳಿ ಅಂಗಿ ನೋಡಿ,
"ಯಾಕವ್ವಾ, ಎಲ್ಲಾದಕ್ಕೂ ನೀಲಿ ಹಾಕೀರೇನು?"
ಖಾಜಾಬನಿ ನನ್ನ ಕಡೆ ತಿರುಗಿದಳು.
ನಾನು ಚೀಲ ಕೆಳಗಿಟ್ಟೆ.
ಅವರು ಒಂದು ಹಣ್ಣು ಮುರಿದುಕೊಂಡು
ಕಿಟಕಿಯ ಬಿಸಿಲಿಗೆ ಹಿಡಿದು, ತಿರುಗಿಸಿ,
ಇನ್ನೂ ತಡೀರಿ ಅನ್ನುವ ಹಾಗೆ
ಎಡಗೈ ಎತ್ತಿದರು.