ಹದಿನಾಲ್ಕು ಅಡಿ ತಾಮ್ರ

ಕಡಲಿಗೆ ಮುಖ ಮಾಡಿ ಕೂತಿದ್ದ ಪೆಟ್ಟಿಗೆ
ನಾಲ್ಕೇ ಮಳೆಗಾಲಕ್ಕೆ ಹಲ್ಲುದುರಿಸಿಕೊಂಡಿತು.
ಬೆರಳಿಗೆ ಬಿಳಿ ಹುಡಿ.
ಯಾರೂ ಇಲ್ಲದ್ದು ನೋಡಿ ನಾಲಗೆಗಿಟ್ಟೆ,
ಉಪ್ಪು.

ಮಂಗಳೂರಿನ ಅಂಗಡಿಯವ ಹೇಳಿದ ರೇಟು
ತಲಪಾಡಿ ದಾಟುವಾಗ ದಪ್ಪಗಾಯಿತು.
ಗಾಡಿಗೆ ಇಷ್ಟು, ಇಳಿಸಲು ಇಷ್ಟು.
ಯೂನಿಯನ್ನಿನ ನೀಲಿ ಅಂಗಿಯವರು ನಾಲ್ವರು ಬಂದು
ಇಬ್ಬರು ಹೊತ್ತರು,
ಇಬ್ಬರು ಹೊತ್ತದ್ದನ್ನು ನೋಡಿದರು.
ರಸೀದಿ ಮಲಯಾಳದಲ್ಲಿ,
ಅಕ್ಷರ ಕೂಡಿಸಿ ಕೂಡಿಸಿ ಓದಿದೆ;
ಮೊತ್ತ ಮಾತ್ರ ಬೇಗ ತಿಳಿಯಿತು.

ಕಂಪೆನಿಗೆ ಫೋನು ಮಾಡಿದರೆ
ಪಿನ್‌ಕೋಡ್ ಕೇಳಿದಳು ಹುಡುಗಿ.
"ನೀವು ಕಣ್ಣೂರಿಗೆ ಬರ್ತೀರಿ ಮೇಡಂ."
ನಾನೆಲ್ಲಿಗೂ ಬರುವುದಿಲ್ಲಮ್ಮಾ, ಕುಂಬಳೆಯಲ್ಲೇ ಇದ್ದೇನೆ,
ಮಂಗಳೂರು ಇಲ್ಲಿಂದ ಬಸ್ಸಿನ ಒಂದು ನಿದ್ದೆ.
"ಅದು ಬೇರೆ ರಾಜ್ಯ ಮೇಡಂ."
ನನಗೆ ಗೊತ್ತಿತ್ತು.
ಎಸಿಗೆ ತುಂಬುವ ಗ್ಯಾಸಿಗೂ ಗೊತ್ತೆಂದು ತಿಳಿದಿರಲಿಲ್ಲ.

ಕೊನೆಗೆ ಬಂದವನು ಸಿರಾಜುಲ್,
ಊರು ಬಂಗಾಳದ ಮಾಲ್ದಾ,
ಬಿಡಾರ ಉಪ್ಪಳದಲ್ಲಿ, ಎಂಟು ಜನರ ಕೋಣೆ.
ಮಲಯಾಳ ನನಗಿಂತ ಚೆಂದ.
ಹಳೆಯದರ ಹೊಟ್ಟೆ ಬಿಚ್ಚಿ
ಹಲ್ಲಿಮೊಟ್ಟೆ ಎರಡು ಹುಷಾರಾಗಿ ಕಿಟಕಿಯ ಮೇಲಿಟ್ಟ.
"ಕಡಲ ಕಡೆ ಬೇಡ ಟೀಚರ್, ಮೂಡಣ ಗೋಡೆಗೆ ಹಾಕುವ.
ಹದಿನಾಲ್ಕು ಅಡಿ ಪೈಪು ಹೆಚ್ಚು ಬೇಕು."
ಅಡಿಗೆಷ್ಟು?
ಹೇಳಿದ.
ಕೈ ತಾನಾಗಿ ಬಳೆ ಮುಟ್ಟಿಕೊಂಡಿತು,
ತಾಮ್ರಕ್ಕೂ ಈಗ ಬಂಗಾರದ ಗತ್ತು.

ಗೋಡೆ ಮುರಕಲ್ಲಿನದು, ಬೋಲ್ಟು ಕಚ್ಚುವುದಿಲ್ಲ,
ಆಚೆಯಿಂದೀಚೆಗೆ ಉದ್ದ ಸರಳು ದಾಟಿಸಬೇಕು.
ಅದಕ್ಕೂ ಬೇರೆ ದರ.
ಕೆಂಪು ಹುಡಿ ಹಾಸಿಗೆಗೆ, ಮಕ್ಕಳ ಉತ್ತರಪತ್ರಿಕೆಗೆ,
ನಾನು ಹಾಕಿದ ಕೆಂಪು ಶಾಯಿಯ ಮೇಲೆ.

ನಿಮ್ಮೂರಲ್ಲಿ ಇಷ್ಟೆಲ್ಲ ಖರ್ಚಿಲ್ಲವೇನೋ, ಎಂದೆ
ಸ್ವಲ್ಪ ಚುಚ್ಚುವ ಹಾಗೆಯೇ.
"ಇಲ್ಲ ಟೀಚರ್. ಉಪ್ಪಿಲ್ಲ, ಯೂನಿಯನ್ ಇಲ್ಲ,
ಕೂಲಿ ಇಲ್ಲಿಯ ಅರ್ಧವೂ ಇಲ್ಲ.
ಗಂಗೆ ಗೋಡೆಯನ್ನೇ ಒಯ್ದಳು. ಎರಡು ಸಲ."
ಬೆರಳೆರಡು ಎತ್ತಿ ತೋರಿಸಿದ,
ಎರಡಕ್ಕೂ ನಮ್ಮ ಗೋಡೆಯ ಮಣ್ಣು.

ಆಮೇಲೂ ಇನ್ನೂರು ಇಳಿಸಿದೆ.
ಅಭ್ಯಾಸ.
ಅವನು ತಲೆಯಾಡಿಸಿ ಬರೆದುಕೊಂಡ.

ಹಳೆಯ ಪೈಪಿನ ತೂತು ಪಡುವಣ ಗೋಡೆಯಲ್ಲಿ ಹಾಗೇ ಇದೆ.
ಮುಚ್ಚಲು ಮೇಸ್ತ್ರಿ ಬರಬೇಕು,
ಅರ್ಧ ಚಟ್ಟಿ ಸಿಮೆಂಟಿಗೂ ಅವನಿಗೆ ಪೂರ್ತಿ ದಿನದ ಮಜೂರಿ.
ಹಲ್ಲಿಮೊಟ್ಟೆಗಳನ್ನು ಅಲ್ಲೇ ಇಟ್ಟು
ಮೊನ್ನೆಯ ಪೇಪರು ಸಡಿಲಾಗಿ ತುರುಕಿದ್ದೇನೆ.
ರಾತ್ರಿ ನಾನು ದುಡ್ಡು ಕೊಟ್ಟ ತಂಪು ಅದರಲ್ಲೇ ಸೋರಿ
ಕಡಲ ಕಡೆ ಹೋಗುತ್ತದೆ.
ಪೇಪರು ಪರಪರ ಅನ್ನುತ್ತದೆ,
ಬೆಳಿಗ್ಗೆ ತೆಗೆದು ನೋಡಿದರೆ ಒದ್ದೆ.