ಹಸಿರುಮಕ್ಕಿಯಲ್ಲಿ ಗರಿ ಎಸೆದದ್ದು

ಮೊದಲ ಲಾಂಚ್ ಇನ್ನೂ ಕೆಮ್ಮಿರಲಿಲ್ಲ.
ದೋಣಿ ಹತ್ತುವ ಮುಂಚೆ ಪಾಸ್ಕಲ್
ಹಿನ್ನೀರಿಗೆ ಬೆರಳದ್ದಿ ನಾಲಗೆಗೆ ಮುಟ್ಟಿಸಿ
'ಸಪ್ಪೆ' ಎಂದ, ಸಾರಿನ ರುಚಿ ನೋಡಿದ ಅಡುಗೆಭಟ್ಟನ ಹಾಗೆ.
ಹಡಗಿನಲ್ಲಿ ಹದಿನೆಂಟು ವರ್ಷ ಒಲೆ ಕಾದವನು.
ಸಾಗರ ಬಿಟ್ಟು ಸಾಗರಕ್ಕೇ ಬಂದು
ಪೇಟೆ ಬೀದಿಯಲ್ಲಿ ಈಗ ಪ್ಯಾಂಟಿಗೆ ಜಿಪ್ಪು ಹಾಕುತ್ತಾನೆ.

ಬೀಡಿ ಡಬ್ಬಿಯೊಳಗೆ ಅವನ ಆಸ್ತಿ:
ಗಾಳದ ಮುಳ್ಳಿಗೆ ರವಿಕೆದಾರ ಸುತ್ತಿ
ಹುಂಜದ ಕತ್ತಿನ ಗರಿ ಕಟ್ಟಿದ ಹುಳುಗಳು.
ಒಂದಕ್ಕೂ ಜೀವವಿಲ್ಲ. ಆದರೂ
ಮುಚ್ಚಳ ತೆಗೆದಾಗ ಹಾರಿಹೋದಾವೆಂದು
ಅಂಗೈ ಅಡ್ಡ ಹಿಡಿದೆ.

ನಮ್ಮದು ಬಲೆಯ ಮನೆತನ.
ಸಂಜೆ ಬಿಡು, ಬೆಳಿಗ್ಗೆ ಎಳೆ, ಬಂದದ್ದು ಬುಟ್ಟಿಗೆ.
ಎರೆಹುಳವೂ ಇಲ್ಲದೆ ಬರೀ ಗರಿ ತೋರಿಸಿ
ಮೀನಿಗೆ ಸುಳ್ಳು ಹೇಳುವ ವಿದ್ಯೆಗೆ
ನಾನು ಹುಟ್ಟು ಹಾಕಲು ಬಂದದ್ದು
ಆರುನೂರು ಕೊಡುತ್ತೇನೆ ಎಂದದ್ದಕ್ಕೆ.

ಅವನು ನಿಂತ. ದೋಣಿ ಒಮ್ಮೆ ಬೆದರಿತು.
ಕೋಲು ಹಿಂದೆ ಹೋಗಿ ತಡೆಯಿತು,
ಹಳದಿ ದಾರ ನನ್ನ ತಲೆಯ ಮೇಲೆ
ಸ್ಲೇಟು ಹಿಡಿದ ಹುಡುಗ ತಿದ್ದಿದಂತೆ ದೊಡ್ಡದೊಂದು 'ಳ' ಬರೆದು
ಮುಳುಗಿದ ಮತ್ತಿಮರದ ತುದಿಯ ಹತ್ತಿರ
ಗರಿಯನ್ನು ಕೂರಿಸಿತು.
ನೀರಿಗೂ ಗೊತ್ತಾಗಲಿಲ್ಲ.

'ಅಲ್ಲಿ ಸಾಲ್ಮನ್ ಅಂತ ಒಂದು ಮೀನು ಮಾರಾಯ,
ಉಪ್ಪುನೀರಲ್ಲಿ ಬೆಳೆದು, ಹುಟ್ಟಿದ ಹೊಳೆಯ ವಾಸನೆ ಹಿಡಿದು ಬರ್ತದೆ.
ಹೊಳೆಬಾಯಲ್ಲಿ ದೋಣಿ ನಿಲ್ಲಿಸಿ ಕಾಯ್ತಿದ್ದೆವು.
ಹತ್ತುವಾಗ ಏನೂ ತಿನ್ನುವುದಿಲ್ಲ ಅದು.
ಗರಿ ಮಾತ್ರ ಕಚ್ತದೆ.'
'ಹಸಿವಿಲ್ಲದೆ ಯಾಕೆ?'
'ನಾನು ಕೇಳಲಿಲ್ಲ.'

ಬಿಸಿಲೇರಿತು. ಲಾಂಚ್ ಎರಡು ಸಲ ಬಸ್ಸು ದಾಟಿಸಿತು.
ಬೀಡಿ ಹಚ್ಚಲು ಅವನು ಕೋಲನ್ನು ನನ್ನ ಕೈಗೆ ಕೊಟ್ಟ ಗಳಿಗೆಗೇ
ನೀರು ಬಾಯಿ ತೆರೆಯಿತು.
ಏನೋ ಒಂದು, ಭಾರದ್ದು,
ಕೆಳಗಿನಿಂದ ನನ್ನ ಮೊಣಕೈಯ ಗುರುತು ಕೇಳಿತು.
'ಬಿಡು, ದಾರ ಬಿಡು, ಓಡಲಿ ಅದು!'
ಪಾಸ್ಕಲ್ ಕೂಗುತ್ತಾನೆ, ಹಚ್ಚದ ಬೀಡಿ ತುಟಿಯಲ್ಲೇ.
ನನ್ನದು ಬಲೆಯ ಕೈ. ಅದಕ್ಕೆ ಒಂದೇ ಮಾತು ಗೊತ್ತು.
ಎಳೆದೆ.

ಟಪ್.

ಆಮೇಲೆ ಹಿನ್ನೀರು
ಏನೂ ಕದಿಯದವರ ಮುಖ ಮಾಡಿಕೊಂಡು ಕೂತಿತು.
ಅವನು ಬಯ್ಯಲಿಲ್ಲ. ಡಬ್ಬಿ ತೆರೆದು ಖಾಲಿ ಜಾಗ ನೋಡಿ
'ಕೆಂಪು ಹುಂಜದ್ದು, ಕೊನೇದು' ಅಂದ, ಅಷ್ಟೆ.

ಆರುನೂರರಲ್ಲಿ ನೂರು ನಾನೇ ಮುರಿದುಕೊಂಡು ಮನೆಗೆ ಬಂದೆ.
ಅಂಗಳದಲ್ಲಿ ನಮ್ಮ ಹುಂಜ,
ಇಳಿಬಿಸಿಲಿಗೆ ಕತ್ತು ತಾಮ್ರ.
ಸುಮ್ಮನೆ ನೋಡುತ್ತ ನಿಂತೆ.
ಅದೂ ಒಂದು ಕಾಲೆತ್ತಿ ನನ್ನನ್ನು ನೋಡಿತು,
ಆಮೇಲೆ ಸೌದೆರಾಶಿಯ ಹಿಂದಕ್ಕೆ ನಡೆಯಿತು, ಓಡದೆ,
ಓಡಿದರೆ ನನಗೆ ಗೊತ್ತಾಗಿಬಿಡುತ್ತದೆ ಎಂಬ ಹಾಗೆ.